ನಮ್ಮ ಮುಕ್ತ ತಂತ್ರಾಂಶವನ್ನು ಗಿಟ್‌ಹಬ್‌ನಿಂದ ರ‍್ಯಾಡಿಕಲ್‌ಗೆ ಸಾಗಿಸಬಹುದೇ?

ಗಂಗಾವತಿಯ ಅಕ್ಕಿ ಗಿರಣಿಗಳಿಗಾಗಿ ಗೆಳೆಯರು ಸೇರಿ ಬರೆದ ಲೆಕ್ಕಪತ್ರದ ಮುಕ್ತ ತಂತ್ರಾಂಶವನ್ನು ಗಿಟ್‌ಹಬ್ ಎಂಬ ಕೋಡ್ ಇರಿಸುವ ತಾಣದಿಂದ ಬಿಡಿಸಿ, ರ‍್ಯಾಡಿಕಲ್‌ನಂತಹ ಪೀರ್-ಟು-ಪೀರ್ (ಕೇಂದ್ರ ಸರ್ವರ್ ಇಲ್ಲದೆ ಬಳಕೆದಾರರ ಯಂತ್ರಗಳೇ ಪರಸ್ಪರ ಹಂಚಿಕೊಳ್ಳುವ) ಜಾಲಕ್ಕೆ ಒಯ್ಯಬಹುದೇ ಎಂದು ಕೇಳಿದ್ದೀರಿ. ಒಯ್ಯಬಹುದು, ಆದರೆ ಗಿಟ್‌ಹಬ್‌ನ ಪ್ರತಿಯನ್ನು ಅಳಿಸಬೇಡಿ. ರಾಯಚೂರಿನಲ್ಲಿದ್ದುಕೊಂಡು ಎರಡನ್ನೂ ಬಳಸುವ ನನ್ನ ಅಭಿಪ್ರಾಯವಿದು.

ಗಿಟ್‌ಹಬ್ ಎಂದಾದರೂ ಕೈಕೊಟ್ಟೀತೆಂಬ ನಿಮ್ಮ ಆತಂಕಕ್ಕೆ ಆಧಾರವಿದೆ. 2014ರ ಡಿಸೆಂಬರ್‌ನಲ್ಲಿ ನಮ್ಮ ದೇಶದಲ್ಲೇ ಸರ್ಕಾರದ ಆದೇಶದಿಂದ ನಿರ್ಬಂಧಕ್ಕೊಳಗಾದ ತಾಣಗಳಲ್ಲಿ ಗಿಟ್‌ಹಬ್ ಕೂಡ ಒಂದಾಗಿತ್ತು. 2019ರಲ್ಲಿ ಅಮೆರಿಕದ ವಾಣಿಜ್ಯ ನಿರ್ಬಂಧಗಳ ಕಾರಣ ಇರಾನ್, ಸಿರಿಯಾ, ಕ್ರಿಮಿಯಾಗಳ ಬಳಕೆದಾರರ ಖಾತೆಗಳಿಗೆ ಕಡಿವಾಣ ಬಿತ್ತು. ಆದರೂ ಇಂಥ ಹೊತ್ತಿನಲ್ಲಿ ಕೈತಪ್ಪುವುದು ಕೋಡ್ ಅಲ್ಲ. ಗಿಟ್‌ಹಬ್‌ಗೆ ಆಧಾರವಾದ, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ತಂತ್ರಾಂಶ ಹುಟ್ಟಿದ 2005ರಿಂದಲೂ ವಿಕೇಂದ್ರಿತವೇ. ಕೋಡನ್ನು ಕ್ಲೋನ್ (ನಕಲು) ಮಾಡಿಕೊಂಡವರೆಲ್ಲರ ಬಳಿ ಸಾಮಾನ್ಯವಾಗಿ ಅದರ ಪೂರ್ಣ ಇತಿಹಾಸವಿರುತ್ತದೆ. ಒಂದೇ ಕಂಪನಿಯ ಸರ್ವರ್‌ನಲ್ಲಿ ಸಿಕ್ಕಿಕೊಂಡಿರುವುದು ಇಶ್ಯೂಗಳು (ದೋಷ, ಬೇಡಿಕೆಗಳ ವರದಿಗಳು), ಪುಲ್ ರಿಕ್ವೆಸ್ಟ್‌ಗಳು (ಕೋಡ್ ಬದಲಾವಣೆಯ ಪ್ರಸ್ತಾಪಗಳು) ಮತ್ತು ಅವುಗಳ ಕೆಳಗಿನ ಚರ್ಚೆ, ಅಂದರೆ ಒಂದು ಸಾಲನ್ನು ಹೀಗೇ ಏಕೆ ಬರೆದೆವು ಎಂಬುದರ ದಾಖಲೆ.

2024ರಲ್ಲಿ 1.0 ಆವೃತ್ತಿ ತಲುಪಿದ ರ‍್ಯಾಡಿಕಲ್ ಈ ದಾಖಲೆಯನ್ನೂ ಗಿಟ್‌ನ ವಸ್ತುಗಳಾಗಿ ರೆಪೊದೊಳಗೇ (ಕೋಡ್ ಸಂಗ್ರಹದೊಳಗೇ) ಇಡುತ್ತದೆ; ಆದ್ದರಿಂದ ಕೋಡ್ ಹೋದಲ್ಲಿಗೆ ಚರ್ಚೆಯೂ ಹೋಗುತ್ತದೆ, ಇಂಟರ್ನೆಟ್ ಇಲ್ಲದಾಗ ಬರೆದ ಇಶ್ಯೂ ಸಂಪರ್ಕ ಬಂದ ಮೇಲೆ ಉಳಿದವರನ್ನು ತಲುಪುತ್ತದೆ. ಅಲ್ಲಿ ಖಾತೆಯ ಬದಲು ನಿಮ್ಮ ಗುರುತಾಗಿ ನಿಮ್ಮದೇ ಗೂಢಲಿಪಿಯ ಕೀ ಜೋಡಿ ಇರುತ್ತದೆ. ಅದು ಕಳೆದರೆ ಪಾಸ್‌ವರ್ಡ್ ಮರಳಿ ಕೊಡುವವರು ಯಾರೂ ಇಲ್ಲ. ಆದಕಾರಣ ಮೂವರನ್ನು ಡೆಲಿಗೇಟ್‌ಗಳನ್ನಾಗಿಸಿ (ರೆಪೊದ ಅಧಿಕೃತ ನಿರ್ವಾಹಕರನ್ನಾಗಿಸಿ), ಮುಖ್ಯ ಶಾಖೆ ಬದಲಾಗಲು ಇಬ್ಬರ ಒಪ್ಪಿಗೆ ಸಾಕೆಂಬ ಮಿತಿ ಇಡಿ.

ಇನ್ನು ಸೀಡ್ ನೋಡ್‌ನ, ಅಂದರೆ ರೆಪೊದ ಪ್ರತಿಯನ್ನು ಇಟ್ಟುಕೊಂಡು ಇತರರಿಗೆ ಒದಗಿಸುವ ಯಂತ್ರದ ವಿಚಾರ. ನಿಮ್ಮ ರೆಪೊವನ್ನು ಇರಿಸಿಕೊಂಡ ಯಂತ್ರಗಳೆಲ್ಲ ಆರಿದ್ದರೆ ಹೊಸಬರಿಗೆ ಅದು ಸಿಗುವುದೇ ಇಲ್ಲ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವಿದ್ದೂ ಕರೆಂಟ್‌ಗಾಗಿ ಕಾಯುವ ಜಿಲ್ಲೆ ನಮ್ಮದು. ಅದರ ಮೇಲೆ, ಮನೆಯ ಬ್ರಾಡ್‌ಬ್ಯಾಂಡ್‌ಗೆ ಹೊರಗಿನಿಂದ ತಲುಪಬಲ್ಲ ಸ್ವಂತ ಐಪಿ ವಿಳಾಸ ಅನೇಕ ಕಡೆ ಇರುವುದಿಲ್ಲ. ಎಲ್ಲರೂ ಸೇರಿ ಸಣ್ಣದೊಂದು ಬಾಡಿಗೆ ಸರ್ವರ್ ಇಟ್ಟುಕೊಳ್ಳುವುದು ಮೇಲು.

ಗಿಟ್‌ಹಬ್ ಪ್ರತಿ ಉಳಿಸಿ ಎಂದದ್ದಕ್ಕೆ ಕಾರಣ ಗಿರಣಿಯವರು. ರ‍್ಯಾಡಿಕಲ್‌ನಲ್ಲಿ ಒಂದು ಇಶ್ಯೂ ದಾಖಲಿಸಲು ಮೊದಲು ತಂತ್ರಾಂಶ ಸ್ಥಾಪಿಸಿ ಕೀ ಸೃಷ್ಟಿಸಿಕೊಳ್ಳಬೇಕು; ತೂಕದ ಚೀಟಿಯಲ್ಲಿ ಮೊತ್ತ ತಪ್ಪು ಬಂದಿದೆ ಎಂದು ಹೇಳಬೇಕಾದ ಗುಮಾಸ್ತರು ಅಷ್ಟು ದೂರ ಬರುವವರಲ್ಲ. ಸ್ವಯಂಚಾಲಿತ ಪರೀಕ್ಷೆಗಳೂ ಸದ್ಯಕ್ಕೆ ಗಿಟ್‌ಹಬ್‌ನಲ್ಲಿಯೇ ನಡೆಯಲಿ.

ಸಾಗಿಸುವ ಮುನ್ನ ಇತಿಹಾಸವನ್ನೆಲ್ಲ ಜಾಲಾಡಿ, ಯಾವುದಾದರೂ ಗಿರಣಿಯ ನಿಜವಾದ ಲೆಕ್ಕವೋ ಪಾಸ್‌ವರ್ಡೋ ಉಳಿದಿದೆಯೇ ನೋಡಿ, ಏಕೆಂದರೆ ಇತರರ ನೋಡ್‌ಗಳಿಗೆ ಹರಡಿದ್ದನ್ನು ಹಿಂಪಡೆಯಲಾಗದು. ಹಳೆಯ ಇಶ್ಯೂಗಳನ್ನು ಗಿಟ್‌ಹಬ್‌ನ ಎಪಿಐ (ತಂತ್ರಾಂಶಗಳು ಮಾಹಿತಿ ಪಡೆಯುವ ದಾರಿ) ಮೂಲಕ ಜೆಸನ್ ಎಂಬ ಪಠ್ಯರೂಪದ ಕಡತಗಳಾಗಿ ಇಳಿಸಿ ರೆಪೊದಲ್ಲಿಡಿ; ಇನ್ನೂ ತೆರೆದಿರುವ ಇಶ್ಯೂಗಳನ್ನು ಮಾತ್ರ ರ‍್ಯಾಡಿಕಲ್‌ನಲ್ಲಿ ಹೊಸದಾಗಿ ದಾಖಲಿಸಿದರೆ ಸಾಕು.