ಬ್ಯಾಗಲ್ಲಿ ಪುಸ್ತಕ ಇಲ್ಲ, ಹಂಗಾದ್ರೆ ಮಗಳು ಕಲಿತಿರೋದೆಂತ?

ಮಂಡಗದ್ದೆ ಕಡೆಯ ಅಡಿಕೆ ತೋಟದವರೊಬ್ರು, ಹೆಸರು ಹಾಕ್ಬೇಡಿ ಅಂತ ಹೇಳಿ ಉದ್ದದ ಕಾಗದ ಬರ್ದಿದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರ ಇಷ್ಟು. ಮಗಳು ಶಿವಮೊಗ್ಗದ ಒಂದು ಇಂಟರ್‌ನ್ಯಾಷನಲ್ ಸ್ಕೂಲಲ್ಲಿ ಎರಡನೇ ಕ್ಲಾಸು. ಅದಕ್ಕೋಸ್ಕರ ಪೇಟೆಲಿ ಬಾಡಿಗೆ ಮನೆ ಮಾಡಿ ಹೆಂಡ್ತಿ ಮಕ್ಕಳನ್ನ ಅಲ್ಲಿಟ್ಟು ಇವ್ರು ತೋಟಕ್ಕೂ ಪೇಟೆಗೂ ಓಡಾಡ್ತಿದಾರೆ. ಮಗಳ ಬ್ಯಾಗಲ್ಲಿ ಟೆಕ್ಸ್ಟ್‌ಬುಕ್ ಇಲ್ಲ, ಟೆಸ್ಟ್ ಇಲ್ಲ, ಮಾರ್ಕ್ಸ್ ಕಾರ್ಡ್ ಇಲ್ಲ, ಕೇಳಿದ್ರೆ ‘ಯೂನಿಟ್ ಆಫ್ ಇಂಕ್ವೈರಿ’ ಅಂತಾರೆ, ಮಳೆ ಎಲೆ ಮಣ್ಣು ಅಂತ್ಲೇ ಎರಡು ತಿಂಗಳು ಕಳೀತು. "ಏಳೆಂಟ್ಲ ಎಷ್ಟು ಅಂದ್ರೆ ಬೆರಳು ಮಡಚ್ತಾಳೆ, ಕನ್ನಡ ಪೇಪರ್ ಕೊಟ್ರೆ ಒಂದೊಂದೇ ಅಕ್ಷರ ಕೂಡಿಸ್ತಾಳೆ, ನಮ್ಮಮ್ಮ ಇದೆಂಥ ಶಾಲೆನೋ ಅಂತ ದಿನಾ ಬೈತಾರೆ. ಇಷ್ಟು ಫೀಸ್ ಕಟ್ಟಿ ಆಟ ಆಡೋಕೆ ಕಳಿಸ್ತಿದೀವಾ? ಊರಿನ ಸರ್ಕಾರಿ ಶಾಲೆಗೇ ಹಾಕಿಬಿಡೋದಾ?" ಅಂತ ಪ್ರಶ್ನೆ. ಕೊನೇಲಿ ಚಿಕ್ಕ ಮಗನ ಅಡ್ಮಿಷನ್ ಬಗ್ಗೆನೂ ಒಂದು ಕೇಳಿದಾರೆ.

ನಮಸ್ಕಾರ ಮಾರಾಯ್ರೆ,

ಮೊದ್ಲು ಗೇಟಿನ ಬೋರ್ಡಿಂದ ಶುರು ಮಾಡಣ. ಇಂಟರ್‌ನ್ಯಾಷನಲ್ ಅಂತ ಹೆಸರಿಟ್ಕೊಂಡು ಒಳಗೆ ಸಿಬಿಎಸ್‌ಇ ನಡ್ಸೋ ಶಾಲೆಗಳೂ ಇದಾವೆ, ಸ್ಟೇಟ್ ಸಿಲಬಸ್ ನಡ್ಸೋವೂ ಇದಾವೆ, ಅದರಲ್ಲಿ ತಪ್ಪೇನಿಲ್ಲ, ಆದ್ರೆ ಅಪ್ಪ ಅಮ್ಮಂಗೆ ಗೊತ್ತಿರ್ಬೇಕು. ಪ್ರೈಮರಿಲಿ ಹೊರದೇಶದ ಪಠ್ಯಕ್ರಮ ಅಂತ ನಮ್ಮ ಕಡೆ ಕಿವಿಗೆ ಬೀಳೋದು ಹೆಚ್ಚಾಗಿ ಎರಡು. ಒಂದು ಕೇಂಬ್ರಿಡ್ಜ್ ಪ್ರೈಮರಿ, 5ರಿಂದ 11 ವರ್ಷದ ಮಕ್ಕಳಿಗೆ, ಆರು ಸ್ಟೇಜು. ಇನ್ನೊಂದು ಐಬಿ, ಅಂದ್ರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, 1968ರಲ್ಲಿ ಜಿನೀವಾದಲ್ಲಿ ಶುರುವಾದ ಸಂಸ್ಥೆ, ಅವರ ಪ್ರೈಮರಿ ಕಾರ್ಯಕ್ರಮ ಪಿವೈಪಿ (ಪ್ರೈಮರಿ ಇಯರ್ಸ್ ಪ್ರೋಗ್ರಾಂ) ಬಂದಿದ್ದು 1997ರಲ್ಲಿ, 3ರಿಂದ 12 ವರ್ಷದವರಿಗೆ. ನೀವು ಬರ್ದಿರೋ ‘ಯೂನಿಟ್ ಆಫ್ ಇಂಕ್ವೈರಿ’ ಅನ್ನೋದು ಪಿವೈಪಿಯವರ ಮಾತು, ಹಂಗಾಗಿ ಅದೇ ಅಂದ್ಕೊಂಡು ಮುಂದುವರಿತೀನಿ. ಆದ್ರೂ ಒಂದ್ಸಲ ಐಬಿ ವೆಬ್‌ಸೈಟಲ್ಲಿ ಶಾಲೆ ಹೆಸರು ಹಾಕಿ ನೋಡಿ. ಅನುಮತಿ ಸಿಕ್ಕಿರೋ ಶಾಲೆ ಬೇರೆ, ಅನುಮತಿಗೆ ಕಾಯ್ತಾ ಇನ್ನೂ ‘ಕ್ಯಾಂಡಿಡೇಟ್’ ಹಂತದಲ್ಲಿರೋದು ಬೇರೆ, ಫೀಸ್ ಮಾತ್ರ ಕೆಲವು ಕಡೆ ಎರಡಕ್ಕೂ ಒಂದೇ ಇರುತ್ತೆ, ಅದು ಬಿಡಿ.

ಪಿವೈಪಿಲಿ ಗಣಿತ, ಭಾಷೆ, ವಿಜ್ಞಾನ ಎಲ್ಲಾ ಇದೆ. ಪೀರಿಯಡ್ ಪೀರಿಯಡ್ ಅಂತ ಕತ್ತರಿಸಿ ಕೊಡೋ ಬದಲು ಆರು ದೊಡ್ಡ ವಿಷಯ ಇಟ್ಕೊಂಡಿದಾರೆ. ನಾವು ಯಾರು, ನಾವಿರೋ ಜಾಗ ಕಾಲ ಯಾವುದು, ಮನಸ್ಸಲ್ಲಿರೋದನ್ನ ಹೆಂಗೆ ಹೇಳ್ತೀವಿ, ಜಗತ್ತು ಹೆಂಗೆ ನಡಿಯುತ್ತೆ, ನಮ್ಮನ್ನ ನಾವು ಹೆಂಗೆ ಸಂಘಟಿಸ್ಕೋತೀವಿ, ಭೂಮಿನ ಹೆಂಗೆ ಹಂಚ್ಕೋತೀವಿ, ಹಿಂಗೆ. ಒಂದೊಂದು ವಿಷಯ ಹಿಡಿದು ಕೆಲವು ವಾರ ಅದರ ಬೆನ್ನು ಹತ್ತೋದು, ಅದೇ ಒಂದು ಯೂನಿಟ್, ಲೆಕ್ಕ ಓದು ಬರಹ ಆದಷ್ಟೂ ಅದರೊಳಗೇ ಬರೋ ಹಂಗೆ ನೋಡ್ಕೊಳ್ಳೋದು. ನಿಮ್ಮ ಮಗಳ ಮಳೆ ಎರಡು ತಿಂಗಳು ಎಳೆದಿದ್ದು ಇದೇ ಕಾರಣಕ್ಕೆ ಇರ್ಬೇಕು.

ಹೋದ ಮಳೆಗಾಲದಲ್ಲಿ ನಾನು ಇಂಥದ್ದೇ ಒಂದು ಎರಡನೇ ಕ್ಲಾಸಲ್ಲಿ ಮೂಲೇಲಿ ಚಾಪೆ ಮೇಲೆ ಕೂತು ನೋಡಿದ್ದೆ, ಅದನ್ನ ಸ್ವಲ್ಪ ಹೇಳ್ತೀನಿ. ಮಕ್ಕಳು ಪ್ಲಾಸ್ಟಿಕ್ ಬಾಟ್ಲಿದು ಕುತ್ತಿಗೆ ಕುಯ್ದು ತಲೆಕೆಳಗೆ ಮಾಡಿ ಅದೇ ಬಾಟ್ಲಿಗೆ ಕೂರ್ಸಿ ಮಳೆ ಅಳೆಯೋ ಮಾಪಕ ಮಾಡಿದ್ರು. ಬಾಟ್ಲಿ ತಳ ಉಬ್ಬು ತಗ್ಗು ಇರುತ್ತಲ್ಲ, ಅದಕ್ಕೆ ಒಂದಿಷ್ಟು ಹರಳುಕಲ್ಲು ಹಾಕಿ, ಸೊನ್ನೆ ಗೆರೆ ತನಕ ನೀರು ತುಂಬಿ, ಅಲ್ಲಿಂದ ಮೇಲಕ್ಕೆ ಕಾಗದದ ಸ್ಕೇಲ್ ಅಂಟ್ಸಿದ್ರು. ಒಂದು ಗುಂಪು ಅದನ್ನ ಫೀಲ್ಡ್ ಮಧ್ಯ ಇಟ್ಟಿತ್ತು, ಇನ್ನೊಂದು ಗುಂಪು ಜಗಲಿ ಅಂಚಲ್ಲಿ. ಬೆಳಿಗ್ಗೆ ನೋಡಿದ್ರೆ ಫೀಲ್ಡಲ್ಲಿ 22 ಮಿಲಿಮೀಟರ್, ಜಗಲಿ ಹತ್ರ 61. "ನಮ್ ಕಡೆನೇ ಜಾಸ್ತಿ ಮಳೆ" ಅಂತ ಜಗಲಿ ಗುಂಪು ಕುಣಿತು. ಟೀಚರ್ ಸರಿ ತಪ್ಪು ಏನೂ ಹೇಳ್ಲಿಲ್ಲ, ಎರಡೂ ನಂಬರ್ ಬೋರ್ಡ್ ಮೇಲೆ ಬರ್ದು "ಒಂದೇ ಸ್ಕೂಲಲ್ಲಿ ಎರಡು ಮಳೆ ಬಿತ್ತಾ?" ಅಂತ ಕೇಳಿ ಸುಮ್ನೆ ನಿಂತ್ರು. ಎಲ್ಲಾ ಹೊರಗೆ ಓಡಿದ್ವು, ತುಂಬ ಹೊತ್ತು ಬರೀ ಗಲಾಟೆ, ಆಮೇಲೆ ಒಬ್ಬ ಹುಡುಗ ಕತ್ತು ಎತ್ತಿ ಮೇಲೆ ನೋಡಿ "ಟೀಚರ್, ಇದು ಮಳೆ ಅಲ್ಲ, ಮಾಡಿನ ನೀರು" ಅಂದ. ತಗಡಿನ ಶೀಟಿಂದ ಇಳಿಯೋ ನೀರು ಸೀದಾ ಬಾಟ್ಲಿಗೆ ಬೀಳ್ತಿತ್ತು.

ನಂಗೆ ಇಷ್ಟ ಆಗಿದ್ದು ಅದಾದ್ಮೇಲಿನ ಭಾಗ. ಮಾಡಿನ ನೀರು ಎಷ್ಟು ಹೆಚ್ಚಿಗೆ ಬಿತ್ತು ಅಂತ ಲೆಕ್ಕ ಮಾಡಿ ಅಂದ್ರು, ಅಂದ್ರೆ 61ರಲ್ಲಿ 22 ಕಳೀಬೇಕು, ದಶಕ ಬಿಡಿಸೋ ಲೆಕ್ಕ. ಕಡ್ಡಿ ಕಟ್ಟು ಕೊಟ್ಟಿದ್ರು, ಹತ್ತರ ಒಂದು ಕಟ್ಟು ಬಿಚ್ಚಿದೋರಿಗೆ 39 ಬಂತು. ಒಂದು ಹುಡ್ಗಿ ಕಟ್ಟು ಮುಟ್ಟದೆ ಸೀದಾ 41 ಅಂತ ಬರ್ದಳು. ಒಂದರಲ್ಲಿ ಎರಡು ಹೋಗಲ್ಲ ಅಂತ ತಿರುಗ್ಸಿ ಎರಡರಲ್ಲಿ ಒಂದು ಕಳೆದಿದ್ಲು, ಈ ವಯಸ್ಸಿನ ಮಕ್ಕಳು ಮಾಮೂಲಿ ಮಾಡೋ ತಪ್ಪು. ಟೀಚರ್ ಅವಳ ಪಕ್ಕ ಕೂತು ಕಟ್ಟು ಬಿಚ್ಚಿಸಿದ್ರು, ಆಮೇಲೆ ಎದ್ದು ಹೋಗಿ ಟೇಬಲ್ ಮೇಲಿದ್ದ ಒಂದು ಸಣ್ಣ ನೋಟ್‌ಬುಕ್ಕಲ್ಲಿ ಆ ಹುಡ್ಗಿ ಹೆಸರಿನ ಮುಂದೆ ‘ದಶಕ ಬಿಡಿಸೋದು ಇನ್ನೂ ಆಗಿಲ್ಲ, ಮತ್ತೆ ನೋಡ್ಬೇಕು’ ಅಂತ ತಾರೀಕು ಹಾಕಿ ಬರ್ಕೊಂಡ್ರು.

ನಿಮ್ಮ ಕಾಗದಕ್ಕೆ ನನ್ನ ಉತ್ತರ ಎಲ್ಲಾ ಆ ನೋಟ್‌ಬುಕ್ಕಲ್ಲೇ ಇದೆ. ಟೆಕ್ಸ್ಟ್‌ಬುಕ್ ಇಲ್ಲ ಅಂತ ಹೆದರ್ಬೇಡಿ, ಮಾರ್ಕ್ಸ್ ಇಲ್ಲ ಅಂತಲೂ ಬೇಡ, ನಿಮ್ಮ ಮಗಳು ಎಲ್ಲಿದಾಳೆ ಅಂತ ಲೆಕ್ಕ ಇಡೋರು ಆ ಕ್ಲಾಸಲ್ಲಿ ಒಬ್ರು ಇದಾರಾ ಅಂತ ನೋಡಿ. ಮುಂದಿನ ಪಿಟಿಎಂಗೆ (ಪೇರೆಂಟ್ಸ್ ಮೀಟಿಂಗಿಗೆ) ಹೋದಾಗ ಒಂದೇ ಪ್ರಶ್ನೆ ಕೇಳಿ, "ಹೋದ ತಿಂಗಳು ಇವಳಿಗೆ ಬರದೇ ಇದ್ದದ್ದು ಏನು, ಈಗ ಬರೋದು ಏನು?" ಅಂತ. ಟೀಚರ್ ನೋಟ್‌ಬುಕ್ಕೋ ಪೋರ್ಟ್‌ಫೋಲಿಯೋನೋ (ಮಗು ಮಾಡಿದ ಕೆಲಸ ಕೂಡಿಟ್ಟ ಫೈಲು) ತೆಗೆದು ಜೂನಲ್ಲಿ ಬರ್ದ ಹಾಳೆ, ಆಗಸ್ಟಲ್ಲಿ ಬರ್ದ ಹಾಳೆ ಪಕ್ಕ ಪಕ್ಕ ಇಟ್ಟು ತೋರಿಸಿದ್ರೆ ನೆಮ್ಮದಿಯಾಗಿ ತೋಟಕ್ಕೆ ವಾಪಸ್ ಬನ್ನಿ. ಅದರ ಬದಲು "ಶೀ ಈಸ್ ವೆರಿ ಕ್ಯೂರಿಯಸ್, ತುಂಬ ಕಾನ್ಫಿಡೆಂಟ್" ಅಂತ ಮಾತ್ರ ಹೇಳಿ ಕಳಿಸಿದ್ರೆ ಆಗ ಯೋಚನೆ ಮಾಡೋದು ಒಳ್ಳೇದು. ವರ್ಷಕ್ಕೆರಡು ಸಲ ಟೀಚರ್ ಬದಲಾಗ್ತಿದ್ರಂತೂ ಲೆಕ್ಕ ಇಡೋಕೆ ಯಾರೂ ಉಳಿಯಲ್ಲ, ಅದನ್ನೂ ವಿಚಾರಿಸ್ಕೊಳ್ಳಿ.

ಇನ್ನು ಊರಿನ ಸರ್ಕಾರಿ ಶಾಲೆ. ನೀವು ಅದನ್ನ ‘ಪುಸ್ತಕ ಇಟ್ಕೊಂಡು ಸರಿಯಾಗಿ ಪಾಠ ಮಾಡೋ ಕಡೆ’ ಅಂತ ಬರ್ದಿದೀರಿ, ಓದಿ ನಗು ಬಂತು. ಒಂದ್ಸಲ ಹೋಗಿ ಒಂದರಿಂದ ಮೂರನೇ ಕ್ಲಾಸಿನ ಕೋಣೆ ಇಣುಕಿ ನೋಡಿ ಮಾರಾಯ್ರೆ, ಅಲ್ಲಿರೋದು ನಲಿ-ಕಲಿ! 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಲ್ಲಿ ಶುರುವಾಗಿದ್ದು, ಆಂಧ್ರದ ರಿಷಿ ವ್ಯಾಲಿ ಶಾಲೆಯವರ ಪದ್ಧತಿ ನೋಡ್ಕೊಂಡು ಬಂದ ನಮ್ಮ ಮೇಷ್ಟ್ರುಗಳು ಯುನಿಸೆಫ್ ಬೆಂಬಲದಲ್ಲಿ ಕಟ್ಟಿದ್ದು, 2009-10ರ ಹೊತ್ತಿಗೆ ರಾಜ್ಯದ ತುಂಬ ಬಂತು. ಅಲ್ಲೂ ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂರ್ತಾರೆ, ಪುಸ್ತಕದ ಜಾಗದಲ್ಲಿ ಕಾರ್ಡು, ಮಗು ಎಟುಕಿಸ್ಕೊಳ್ಳೋ ಎತ್ತರದಲ್ಲಿ ಗೋಡೆ ಹಲಗೆ, ಮಕ್ಕಳು ಮಾಡಿದ ಚಿತ್ರ ನೇತಾಕೋಕೆ ದಾರ ಕಟ್ಟಿದ ಚಪ್ಪರ, ಯಾರು ಯಾವ ಮೆಟ್ಟಿಲಲ್ಲಿದಾರೆ ಅಂತ ತೋರ್ಸೋ ಕಲಿಕಾ ಏಣಿ, ಗೋಡೆ ಮೇಲೆ ಪ್ರಗತಿ ನೋಟ. ಒಂದು ಮಗು ಜ್ವರ ಬಂದು ವಾರ ರಜಾ ಹಾಕಿದ್ರೆ ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿಂದಲೇ ಶುರು ಮಾಡ್ಬಹುದು, ಕ್ಲಾಸ್ ಮುಂದೆ ಓಡಿರಲ್ಲ. ಪೇಟೆಲಿ ಲಕ್ಷ ಕೊಟ್ಟು ಕೊಳ್ಳೋ ‘ಚೈಲ್ಡ್ ಸೆಂಟರ್ಡ್’ ಅನ್ನೋದರ ಸುಮಾರು ಭಾಗ ಊರಲ್ಲಿ ಬಿಸಿಯೂಟದ ಜೊತೆ ಪುಕ್ಕಟೆ ಸಿಗ್ತಿದೆ ಅಂತ ಹೇಳಿದ್ರೆ ಯಾರೂ ನಂಬಲ್ಲ.

ಕಷ್ಟನೂ ಹೇಳ್ಬೇಕಲ್ಲ. ಮೂರು ಕ್ಲಾಸಿಗೆ ಒಬ್ರೇ ಟೀಚರ್, ಅವರಿಗೇ ಬಿಸಿಯೂಟದ ಲೆಕ್ಕ, ಗಣತಿ, ಎಲೆಕ್ಷನ್ ಡ್ಯೂಟಿ, ಮೀಟಿಂಗು. ಅವರು ಒಂದು ದಿನ ತಾಲೂಕು ಆಫೀಸಿಗೆ ಹೋದ್ರೆ ಏಣಿ ಅಲ್ಲೇ ನಿಲ್ಲುತ್ತೆ. ಆದ್ರೆ ಮಲೆನಾಡಲ್ಲಿ ಎಷ್ಟೋ ಶಾಲೇಲಿ ಇರೋದೇ ಬೆರಳೆಣಿಕೆ ಮಕ್ಕಳು, ಅಲ್ಲಿ ಮನಸ್ಸಿಟ್ಟು ಮಾಡೋ ಟೀಚರ್ ಒಬ್ರು ಇದ್ರೆ ಪೇಟೆ ಇಂಟರ್‌ನ್ಯಾಷನಲ್ಲಿಗೆ ಏನೂ ಕಮ್ಮಿ ಇಲ್ಲ. ಹಂಗಾಗಿ ಅಲ್ಲೂ ಅದೇ ಪ್ರಶ್ನೆ ಕೇಳಿ ನೋಡಿ. ವರ್ಷದ ಮಧ್ಯ ಮಾತ್ರ ಹುಡ್ಗಿನ ಕೀಳ್ಬೇಡಿ, ಏಪ್ರಿಲ್ ತನಕ ನೋಡಿ ಜೂನಲ್ಲಿ ತೀರ್ಮಾನ ಮಾಡಿ. ಲೆಕ್ಕ ಹಾಕೋವಾಗ ಫೀಸಿನ ಜೊತೆ ಬಾಡಿಗೆ ಮನೆ ಖರ್ಚು, ವಾರವಿಡೀ ಅಪ್ಪ ಒಂದು ಕಡೆ ಮಗು ಒಂದು ಕಡೆ ಇರೋದು, ಇದನ್ನೂ ಸೇರಿಸ್ಕೊಳ್ಳಿ, ಎಷ್ಟೋ ಜನ ಅದನ್ನ ಖರ್ಚು ಅಂತಲೇ ಹಿಡಿಯಲ್ಲ.

ಪೇಟೆ ಶಾಲೆ ಕಡೆಗೂ ನಂದೊಂದು ತಕರಾರಿದೆ. ಆ ಆರು ವಿಷಯ ಇದಾವಲ್ಲ, ಅದರೊಳಗೆ ಏನು ತುಂಬ್ಬೇಕು ಅನ್ನೋದು ಶಾಲೆಗೆ ಬಿಟ್ಟಿದ್ದು. ‘ಭೂಮಿ ಹಂಚ್ಕೊಳ್ಳೋದು’ ಅಂತ ಹೇಳಿ ಪೆಂಗ್ವಿನ್ನು, ಹಿಮಕರಡಿ ಚಿತ್ರ ಅಂಟಿಸಿ ಮುಗಿಸೋರೂ ಇದಾರೆ. ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ, ಉಣುಗಿಂದ ಹೆಂಗೆ ಹರಡುತ್ತೆ, ಮಂಗ ಸತ್ತು ಬಿದ್ದಿದ್ರೆ ಯಾಕೆ ಹತ್ರ ಹೋಗ್ಬಾರ್ದು, ಯಾರಿಗೆ ತಿಳಿಸ್ಬೇಕು, ಇದು ನಮ್ಮ ಮಕ್ಕಳಿಗೆ ಪೆಂಗ್ವಿನ್ನಿಗಿಂತ ಮೊದಲು ಬೇಕಾದ್ದು. ಪಿವೈಪಿ ಕೊನೇ ವರ್ಷ ಮಕ್ಕಳೇ ಒಂದು ಸಮಸ್ಯೆ ಹಿಡಿದು ‘ಎಕ್ಸಿಬಿಷನ್’ ಅಂತ ಮಾಡ್ಬೇಕು, ಅದಕ್ಕೆ ಇಂಥ ವಿಷಯ ಎಷ್ಟು ಬೇಕು ನಮ್ಮಲ್ಲಿ! ಮಳೆ ಯೂನಿಟ್ಟಲ್ಲೂ ಅಷ್ಟೇ, ಆಗುಂಬೆಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಬೀಳುತ್ತೆ, ಶಿವಮೊಗ್ಗ ಪೇಟೆಲಿ ಅದರ ಕಾಲುಭಾಗನೂ ಇಲ್ಲ, ನೂರು ಕಿಲೋಮೀಟರ್ ಒಳಗೆ ಇಷ್ಟು ವ್ಯತ್ಯಾಸ ಯಾಕೆ ಅಂತ ಕೇಳೋಕೆ ಅಮೆಜಾನ್ ಕಾಡಿಗೆ ಹೋಗ್ಬೇಕಾ? ನೀವು ಪೇರೆಂಟು, ಟೀಚರ್ ಹತ್ರ ಹೇಳಿ, ಬೇಕಾದ್ರೆ ಕ್ಲಾಸನ್ನ ತೋಟಕ್ಕೆ ಕರೀರಿ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡಿತೀರಲ್ಲ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಇನ್ನೂರು ಲೀಟರ್ ಡ್ರಮ್ಮಿಗೆ ಎಷ್ಟು ಅಂತ ಕೇಳಿದ್ರೆ ಅದೇ ಲೆಕ್ಕದ ಪಾಠ. (ದೂರ ನಿಲ್ಸಿ, ಮುಟ್ಟಿಸ್ಬೇಡಿ.)

ಮಗ್ಗಿ ವಿಷಯಕ್ಕೆ ಅಮ್ಮನ ಜೊತೆ ಜಗಳ ಬೇಡ, ಅವರು ಹೇಳೋದರಲ್ಲಿ ಅರ್ಧ ಸರಿ ಇದೆ. ಎರಡನೇ ಕ್ಲಾಸಿಗೆ ಏಳೆಂಟ್ಲ ಬಂದಿಲ್ಲ ಅಂದ್ರೆ ಏನೂ ಮುಳುಗಿಲ್ಲ, ಈಗ ಎರಡು, ಐದು, ಹತ್ತರ ಮಗ್ಗಿ ಬಂದ್ರೆ ಸಾಕು. ಈಗಿನ ಶಾಲೆಗಳು ಮೊದ್ಲು ವಸ್ತು, ಆಮೇಲೆ ಚಿತ್ರ, ಆಮೇಲೆ ಅಂಕಿ ಅನ್ನೋ ಕ್ರಮದಲ್ಲಿ ಹೋಗ್ತವೆ, ಅದು ಒಳ್ಳೇದೇ. ಆದ್ರೆ ಅರ್ಥ ಆದ್ಮೇಲೆ ಬಾಯಿಪಾಠನೂ ಆಗ್ಬೇಕು, ಇಲ್ಲಾಂದ್ರೆ ಐದನೇ ಕ್ಲಾಸಲ್ಲಿ ಭಾಗಾಕಾರ ಮಾಡೋವಾಗ ಪ್ರತಿ ಹೆಜ್ಜೆಗೂ ಬೆರಳು ಮಡಚ್ತಾ ಕೂತ್ರೆ ಲೆಕ್ಕನೇ ಮರ್ತೋಗುತ್ತೆ. ಕೆಲವು ಶಾಲೆಗಳು ಈ ಎರಡನೇ ಭಾಗ ಬಿಟ್ಟೇ ಬಿಡ್ತವೆ, ಬಾಯಿಪಾಠ ಅಂದ್ರೆ ಮೂಗು ಮುರೀತವೆ, ನಂಗೆ ಅದು ಸರಿ ಕಾಣಲ್ಲ. ರಜೇಲಿ ಊರಿಗೆ ಬಂದಾಗ ತೋಟದಲ್ಲಿ ಸಾಲಿಗೆ ಎಂಟು ಮರ ಇರೋ ಕಡೆ ಏಳು ಸಾಲು ನಡೆಸಿ ಎಣಿಸಿ, ಸಂಜೆ ಅಜ್ಜಿ ಹತ್ರ ಮಗ್ಗಿ ಹೇಳ್ಸಿ.

ಕನ್ನಡದ್ದು ಇದಕ್ಕಿಂತ ಗಂಭೀರ. ಶಾಲೇಲಿ ಇಂಗ್ಲಿಷನ್ನ ಫೋನಿಕ್ಸಲ್ಲಿ ಕಲಿಸ್ತಾರೆ, ಎಬಿಸಿಡಿ ಕ್ರಮ ಬಿಟ್ಟು ಎಸ್, ಎ, ಟಿ, ಐ, ಪಿ, ಎನ್ ಇವುಗಳ ಶಬ್ದದಿಂದ ಶುರು, ಅಷ್ಟಕ್ಕೇ ಮಗು ಪುಟ್ಟ ಪದ ಓದಿಬಿಡುತ್ತೆ, ನೋಡೋಕೆ ಬೇಗ ಕಲಿತ ಹಂಗೆ ಕಾಣುತ್ತೆ. ಕನ್ನಡದಲ್ಲಿ ಕಾಗುಣಿತ, ಒತ್ತು ಎಲ್ಲಾ ಕೂರೋಕೆ ಟೈಮ್ ಬೇಕು, ಎರಡನೇ ಕ್ಲಾಸಲ್ಲಿ ಕೂಡಿಸಿ ಓದೋದು ಕಾಯಿಲೆ ಏನಲ್ಲ. ಆದ್ರೆ ವಾರಕ್ಕೆ ಎಷ್ಟು ಪೀರಿಯಡ್ ಕನ್ನಡ ಇದೆ ಅಂತ ಕೇಳಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಒಂದರಿಂದ ಹತ್ತನೇ ಕ್ಲಾಸ್ ತನಕ ಕನ್ನಡ ಒಂದು ಭಾಷೆಯಾಗಿ ಕಲಿಸ್ಲೇಬೇಕು. ಐಬಿಯವರ ನಿಯಮದಲ್ಲೂ ಏಳು ವರ್ಷದಿಂದಾದ್ರೂ ಮಕ್ಕಳಿಗೆ ಒಂದಕ್ಕಿಂತ ಹೆಚ್ಚು ಭಾಷೆ ಇರ್ಬೇಕು ಅಂತಿದೆ. ಆ ಜಾಗಕ್ಕೆ ಫ್ರೆಂಚ್ ತಂದು ಕೂರ್ಸಿ ಕನ್ನಡನ ಮೂಲೆಗೆ ತಳ್ಳಿದ್ರೆ ಕೇಳೋ ಹಕ್ಕು ನಿಮಗಿದೆ.

ಮನೇಲಿ ಮಾತ್ರ ಪೇಪರ್ ಕೊಟ್ಟು ಓದು ಅನ್ಬೇಡಿ, ಅದರ ಭಾಷೆ ನಮಗೇ ಒಂದೊಂದ್ಸಲ ಅರ್ಥ ಆಗಲ್ಲ. ಶನಿವಾರ ಊರಿಗೆ ಬರೋವಾಗ ಶಿವಮೊಗ್ಗ ಬಸ್ ಸ್ಟ್ಯಾಂಡಲ್ಲಿ ಹತ್ತು ನಿಮಿಷ ನಿಲ್ಲಿಸಿ ಬೋರ್ಡ್ ಓದಿಸಿ. ಸಾಗರ, ಸೊರಬ, ಹೊಸನಗರ, ಶಿಕಾರಿಪುರ, ಇದರಲ್ಲಿ ಒಂದು ಒತ್ತಕ್ಷರನೂ ಇಲ್ಲ, ಸಲೀಸಾಗಿ ಓದ್ತಾಳೆ. ಆಮೇಲೆ ಭದ್ರಾವತಿ, ಶಿವಮೊಗ್ಗ. ಕೊನೆಗೆ ನಿಮ್ಮ ಬಸ್ಸಿಂದೇ, ತೀರ್ಥಹಳ್ಳಿ, ಅದರಲ್ಲಿ ಅರ್ಕಾವತ್ತೂ ಇದೆ ಒತ್ತೂ ಇದೆ, ಅದು ಬಂತು ಅಂದ್ರೆ ಕಷ್ಟದ್ದು ಸುಮಾರು ಬಂದ ಹಂಗೇ. ದಾರೀಲಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ, ಕಿಟಕಿ ಸೀಟ್ ಸಿಕ್ಕಿದ್ರೆ ಓದ್ಕೊಂಡೇ ಬರ್ತಾಳೆ.

ಕೊನೇ ಪ್ರಶ್ನೆ, ಚಿಕ್ಕ ಮಗನ್ನ ಒಂದನೇ ಕ್ಲಾಸಿಗೆ ಸೇರ್ಸೋಕೆ ಇನ್ನೊಂದು ಶಾಲೆಯವರು ಮಗುಗೂ ಅಪ್ಪ ಅಮ್ಮಂಗೂ ಇಂಟರ್‌ವ್ಯೂ ಇದೆ, ಜೊತೆಗೆ ಡೊನೇಷನ್ ಅಂದಿದಾರಂತೆ, ನಿಮ್ಮ ಮನೆಯವರಿಗೆ ಇಂಗ್ಲಿಷ್ ಬರಲ್ಲ ಅಂತ ಭಯ. ಇಂಗ್ಲಿಷ್ ಬರಲ್ಲ ಅಂತ ಅವರು ತಲೆ ತಗ್ಗಿಸ್ಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 13ನೇ ಸೆಕ್ಷನ್ನಲ್ಲಿ ಇಂಟರ್‌ವ್ಯೂ, ಡೊನೇಷನ್ ಎರಡಕ್ಕೂ ನಿಷೇಧ ಇದೆ. ಸ್ಕ್ರೀನಿಂಗ್, ಅಂದ್ರೆ ಮಗುನೋ ಅಪ್ಪ ಅಮ್ಮನ್ನೋ ಪರೀಕ್ಷಿಸಿ ಆರಿಸೋದು, ಮಾಡಿದ್ರೆ ಮೊದಲ ಸಲಕ್ಕೆ 25,000 ರೂಪಾಯಿ ತನಕ, ಆಮೇಲೆ ಪ್ರತಿ ಸಲಕ್ಕೂ 50,000 ತನಕ ದಂಡ, ಕ್ಯಾಪಿಟೇಷನ್, ಅಂದ್ರೆ ಈ ಡೊನೇಷನ್, ತಗೊಂಡ್ರೆ ಅದರ ಹತ್ತು ಪಟ್ಟು ತನಕ. ಸುಮ್ನೆ ಮಾತುಕತೆಗೆ ಕರೆದ್ರೆ ಹೋಗಿ ಬನ್ನಿ, ಆಯ್ಕೆಗೆ ಅಂತ ಇಂಟರ್‌ವ್ಯೂ ಇಟ್ರೆ ಅಥವಾ ರಸೀದಿ ಇಲ್ಲದೆ ದುಡ್ಡು ಕೇಳಿದ್ರೆ ಏನು ಕೇಳ್ತಿದೀರೋ ಬರಹದಲ್ಲಿ ಕೊಡಿ ಅನ್ನಿ. ಅಷ್ಟಕ್ಕೂ ಬಗ್ಗದಿದ್ರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಕೊಟ್ಟು ಇನ್ನೊಂದು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ.

— ಸಂ.