ಹದ ಎಂದು ಬರೆದು ಕೈತೊಳೆದುಕೊಳ್ಳಬೇಡಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ‘ಟಸ್ಕನಿಯ ಅಜ್ಜಿಯ ಕೆನೆ ಸೂಪು’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ತಡವಾಗಿದ್ದಕ್ಕೆ ಕಾರಣವಿದೆ. ಅಡುಗೆಯ ಬರಹವನ್ನು ಬರೀ ಓದಿ ತೀರ್ಮಾನ ಹೇಳುವುದು ನನ್ನಿಂದಾಗದು, ಮಾಡಿಯೇ ನೋಡಬೇಕು. ಈ ಸೂಪನ್ನು ಎರಡು ಸಲ ಮಾಡಿದೆ. ಮೊದಲ ಸಲ ನೀವು ಬರೆದಂತೆಯೇ, ಒಂದಕ್ಷರ ಆಚೀಚೆ ಮಾಡದೆ. ಎರಡನೆಯ ಸಲ ನೀವು ಬರೆಯದೆ ಬಿಟ್ಟದ್ದನ್ನೆಲ್ಲ ತುಂಬಿಕೊಂಡು. ಮೊದಲನೆಯದು ಕೆಟ್ಟಿತು. ಎರಡನೆಯದನ್ನು ಮನೆಯವರೆಲ್ಲ ಬಟ್ಟಲು ಬಳಿದು ತಿಂದರು.

ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆ. ಹಾಗೆಂದು ಕೈಬಿಡಿ ಎನ್ನುತ್ತಿಲ್ಲ. ತಿದ್ದಿ ಕಳಿಸಿ ಎಂದು ಕೇಳುವುದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಅಜ್ಜಿಯ ವಿಚಾರ. ಲೇಖನದ ಅರ್ಧಭಾಗವನ್ನು ಬೆಟ್ಟದ ಮೇಲಿನ ಕಲ್ಲಿನ ಮನೆ, ಕಟ್ಟಿಗೆಯ ಒಲೆ, ಸೌಟು ತಿರುವುತ್ತ ಕೂತ ಮುದುಕಿಗೆ ಕೊಟ್ಟಿದ್ದೀರಿ. ಇಟಲಿಯ ಟಸ್ಕನಿ ಸೀಮೆಯನ್ನು ನೀವು ಕಂಡಿಲ್ಲ ಎಂದು ಜೊತೆಗಿಟ್ಟ ಪತ್ರದಲ್ಲಿ ನೀವೇ ಹೇಳಿದ್ದೀರಿ. ಕಾಣದ ಊರಿನ ಬಗ್ಗೆ ಬರೆಯಬಾರದೆಂದಲ್ಲ. ಆದರೆ ಈ ಅಜ್ಜಿ ಕಲ್ಪನೆಯಿಂದಲೂ ಬಂದವಳಲ್ಲ, ಸೂಪಿನ ಡಬ್ಬಿಯ ಮೇಲಿನ ಚಿತ್ರದಿಂದ ಇಳಿದು ಬಂದವಳು. “ಸಾವಿರಾರು ವರ್ಷಗಳಿಂದ ಟಸ್ಕನಿಯ ರೈತರು ಚಳಿಗಾಲದಲ್ಲಿ ಈ ಆಲೂಗಡ್ಡೆ ಸೂಪನ್ನೇ ನೆಚ್ಚಿಕೊಂಡಿದ್ದರು” ಎಂದು ಬರೆದಿದ್ದೀರಿ. ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯ ಬೆಳೆ. ಅದು ಯುರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ. ಬಂದ ಮೇಲೂ ಜನ ಅದನ್ನು ನಂಬಿ ತಿನ್ನಲು ಬಹುಕಾಲ ಹಿಡಿಯಿತು. ಕ್ರೀಮಿನ ಮಾತೂ ಅಷ್ಟೇ. ಟಸ್ಕನಿಯ ಅಡುಗೆಯ ಜೀವ ಆಲಿವ್ ಎಣ್ಣೆ. ಅಲ್ಲಿನ ಹೆಸರಾದ ಸೂಪು ರಿಬೊಲ್ಲಿತಾ: ಬಿಳಿ ಬೀನ್ಸ್ ಕಾಳು, ಕಾವೊಲೊ ನೇರೊ ಎಂಬ ಕಡುಹಸಿರು ಎಲೆ, ಹಿಂದಿನ ದಿನದ ಗಟ್ಟಿಯಾದ ಬ್ರೆಡ್. ಹೆಸರಿನ ಅರ್ಥವೇ ‘ಮತ್ತೆ ಕುದಿಸಿದ್ದು’. ಅದರಲ್ಲಿ ಕ್ರೀಮ್ ಇಲ್ಲ, ಪೊರೆಯಲ್ಲಿ ಕೊಚ್ಚಿದ ಮಾಂಸ ತುಂಬಿದ ಸಾಸೇಜೂ ಬೇಕಿಲ್ಲ. ಸೂಪಿಗೆ ಇಟಾಲಿಯನ್ ಭಾಷೆಯಲ್ಲಿರುವ ‘ಜುಪ್ಪಾ’ ಎಂಬ ಪದದ ಬೇರನ್ನು ಹಿಡಿದು ಹೋದರೆ ಸಿಗುವುದು ಸಾರಿನಲ್ಲಿ ನೆನೆದ ಬ್ರೆಡ್ಡಿನ ತುಂಡು.

ನೀವು ಮಾಡಿರುವ ಸೂಪು, ಅಂದರೆ ಸಾಸೇಜ್, ಆಲೂಗಡ್ಡೆ, ಕೇಲ್ ಸೊಪ್ಪು, ಕ್ರೀಮ್ ಸೇರಿದ ‘ಜುಪ್ಪಾ ಟೊಸ್ಕಾನಾ’, ಅಮೆರಿಕದ ಇಟಾಲಿಯನ್ ಹೋಟೆಲುಗಳಲ್ಲಿ ಬೆಳೆದ ಕೂಸು. 1982ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಶುರುವಾದ ಆಲಿವ್ ಗಾರ್ಡನ್ ಹೋಟೆಲುಗಳ ಸಾಲು ಇದನ್ನು ಅಲ್ಲಿ ಮನೆಮಾತು ಮಾಡಿತು. ಹಾಗೆ ಬರೆದರೆ ಸೂಪಿನ ಮಾನವೇನೂ ಕುಂದುವುದಿಲ್ಲ. ವಲಸೆ ಹೋದವರ ಅಡುಗೆ ಹೊಸ ನೆಲದಲ್ಲಿ ಸಿಕ್ಕಿದ್ದನ್ನು ಸೇರಿಸಿಕೊಂಡು ಬೇರೆಯದೇ ಆಗಿ ನಿಲ್ಲುವುದು ಹೇಳಲು ಯೋಗ್ಯವಾದ ಕತೆ, ಮೇಲಾಗಿ ನಿಜವಾದ ಕತೆ. ನಾಲ್ಕು ಸಾಲು ಸಾಕು. ಅಜ್ಜಿಯನ್ನು ಕಳಿಸಿಕೊಡಿ.

ಇನ್ನೊಂದು ಸಣ್ಣ ತಪ್ಪು, ಆದರೆ ಅಡುಗೆ ಕೆಡಿಸುವಂಥದ್ದು. ‘ಸಿಹಿ ಸಾಸೇಜ್’ ಎಂದು ಬರೆದಿದ್ದೀರಿ. ಅಮೆರಿಕದಲ್ಲಿ ‘ಇಟಾಲಿಯನ್ ಸಾಸೇಜ್’ ಎಂದರೆ ಸೋಂಪು, ಬೆಳ್ಳುಳ್ಳಿ ಬೆರೆಸಿದ ಹಸಿ ಹಂದಿಮಾಂಸದ ಸಾಸೇಜ್. ಅದರಲ್ಲಿ ‘ಹಾಟ್’ ಎಂದರೆ ಒಣಮೆಣಸಿನ ಚೂರು ಬಿದ್ದದ್ದು, ‘ಸ್ವೀಟ್’ ಎಂದರೆ ಖಾರವಿಲ್ಲದ್ದು. ಸಿಹಿ ಎಂಬ ಮಾತು ನಂಬಿದ ಓದುಗ ಸಕ್ಕರೆ ಹಾಕಿಬಿಟ್ಟಾನು. ಆ ಸಾಸೇಜ್ ಸಿಗದವರಿಗೂ ದಾರಿ ತೋರಿಸಿ: 500 ಗ್ರಾಂ ಕೊಚ್ಚಿದ ಹಂದಿಮಾಂಸಕ್ಕೆ ಸುಮಾರು 8 ಗ್ರಾಂ ಉಪ್ಪು, ಒಂದೂವರೆ ಚಮಚ ತರಿತರಿ ಕುಟ್ಟಿದ ಸೋಂಪು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಕಾಳುಮೆಣಸು, ಬೇಕಿದ್ದರೆ ಮೆಣಸಿನ ಚೂರು. ಕೈಗೆ ಅಂಟುವವರೆಗೆ ನಾದಿ, ಒಂದೆರಡು ಗಂಟೆ ಫ್ರಿಜ್ಜಿನಲ್ಲಿಡಬೇಕು. ಉಪ್ಪು ಮಾಂಸದ ಪ್ರೋಟೀನನ್ನು ಬಿಡಿಸಿ ಅಂಟು ಮಾಡುವುದರಿಂದಲೇ ಅದು ಪುಡಿಪುಡಿಯಾಗದೆ ಸಾಸೇಜಿನಂತೆ ಒಟ್ಟಿಗೆ ನಿಲ್ಲುತ್ತದೆ.

ಈಗ ಮುಖ್ಯ ಸಂಗತಿ. ನಿಮ್ಮ ವಿಧಾನ ಹದಿನಾಲ್ಕು ಸಾಲಿದೆ. ಅದರಲ್ಲಿ ಐದು ಸಲ ‘ಹದ’ ಬಂದಿದೆ. ಸಾಸೇಜನ್ನು ಹದವಾಗಿ ಹುರಿಯಿರಿ, ಆಲೂಗಡ್ಡೆ ಹದವಾಗಿ ಬೇಯಲಿ, ಹದ ನೋಡಿ ಕ್ರೀಮ್ ಹಾಕಿ. ಹದ ನಮ್ಮ ಭಾಷೆಯ ದೊಡ್ಡ ಮಾತು. ಮಣ್ಣಿಗೆ ಹದವಿದೆ, ಚರ್ಮಕ್ಕಿದೆ, ಪಾಕಕ್ಕಿದೆ. ಆದರೆ ಅದು ಬಲ್ಲವರು ಬಲ್ಲವರಿಗೆ ಆಡುವ ಮಾತು. ನಿಮ್ಮ ಓದುಗರಲ್ಲಿ ಬಹಳ ಮಂದಿ ಈ ಸೂಪನ್ನು ಹುಟ್ಟಿದಾಗಿನಿಂದ ನೋಡಿರುವುದಿಲ್ಲ. ಅವರ ಮುಂದೆ ಹದ ಎಂದು ಬರೆದು ಕೈತೊಳೆದುಕೊಂಡರೆ ಒಲೆಯ ಮುಂದೆ ಅವರನ್ನು ಒಂಟಿಯಾಗಿ ಬಿಟ್ಟಂತೆ. ಹದ ಕಣ್ಣಿಗೆ ಹೇಗೆ ಕಾಣುತ್ತದೆ, ಕಿವಿಗೆ ಹೇಗೆ ಕೇಳುತ್ತದೆ, ಮೂಗಿಗೆ ಏನು ತಿಳಿಯುತ್ತದೆ, ಅದನ್ನು ಬರೆಯುವುದೇ ನಿಮ್ಮ ಕೆಲಸ.

ಹುರಿಯುವುದನ್ನೇ ನೋಡಿ. ಸಾಸೇಜ್, ಈರುಳ್ಳಿ, ಬೆಳ್ಳುಳ್ಳಿ ಮೂರನ್ನೂ ಒಟ್ಟಿಗೆ ಹಾಕಿ ಎಂದಿದ್ದೀರಿ. ಹಾಗೆಯೇ ಹಾಕಿದೆ. ಈರುಳ್ಳಿ ನೀರು ಬಿಟ್ಟಿತು, ಮಾಂಸವೂ ಬಿಟ್ಟಿತು, ಮೂರೂ ಆ ನೀರಿನಲ್ಲೇ ಬೆಂದವು. ಸಾಸೇಜ್ ಬೂದಿ ಬಣ್ಣಕ್ಕೆ ತಿರುಗಿತು, ಕೊನೆಯವರೆಗೂ ಹಾಗೇ ಉಳಿಯಿತು. ಎರಡನೆಯ ಸಲ ದಪ್ಪ ತಳದ ಪಾತ್ರೆ ಕಾಯಿಸಿ, ಹೊರಪೊರೆ ಸುಲಿದ ಸಾಸೇಜನ್ನಷ್ಟೇ ನೆಲ್ಲಿಕಾಯಿ ಗಾತ್ರದ ತುಂಡು ಮಾಡಿ ಹರಡಿದೆ. ಮೂರು ನಿಮಿಷ ಮುಟ್ಟಲಿಲ್ಲ. ಮೊದಲು ಒದ್ದೆ ಸದ್ದು ಕೇಳುತ್ತದೆ, ಸುರ್ ಎಂದು. ನೀರಿರುವಷ್ಟು ಹೊತ್ತು ಪಾತ್ರೆಯ ತಳದ ಬಿಸಿ 100 ಡಿಗ್ರಿಯ ಸುತ್ತಮುತ್ತಲೇ ನಿಲ್ಲುವುದರಿಂದ ಮಾಂಸಕ್ಕೆ ಕಂದು ಬಣ್ಣ ಬಾರದು. ನೀರಾರಿದ ಮೇಲೆ ಸದ್ದು ಬದಲಾಗಿ ಚಟಚಟ ಎನ್ನುತ್ತದೆ, ಸೋಂಪಿನ ವಾಸನೆ ಪಕ್ಕದ ಕೋಣೆಗೂ ಹೋಗುತ್ತದೆ, ತಳದಲ್ಲಿ ಕಂದು ಪದರ ಹಿಡಿಯುತ್ತದೆ. ಸೂಪಿನ ರುಚಿಯ ಮುಕ್ಕಾಲು ಪಾಲು ಆ ಪದರದಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಅದು ಸೀದು ಕಪ್ಪಾದರೆ ಇಡೀ ಸೂಪು ಕಹಿಯಾಗುತ್ತದೆ ಎಂಬುದನ್ನೂ ಬರೆಯಿರಿ.

ಸಾಸೇಜನ್ನು ತೆಗೆದಿಟ್ಟು, ಬಿಟ್ಟ ಕೊಬ್ಬಿನಲ್ಲಿ ಎರಡು ದೊಡ್ಡ ಚಮಚದಷ್ಟು ಉಳಿಸಿಕೊಂಡು, ಅದರಲ್ಲಿ ಈರುಳ್ಳಿ ಬಾಡಿಸಬೇಕು. ಬೆಳ್ಳುಳ್ಳಿ ಕೊನೆಯ ಒಂದು ನಿಮಿಷಕ್ಕೆ ಸಾಕು. ಆಮೇಲೆ ನಿಮ್ಮ ಬಿಳಿ ವೈನು. ಅದನ್ನು ಆಲೂಗಡ್ಡೆಯ ಜೊತೆಗೇ ಸುರಿಯಿರಿ ಎಂದು ಏಕೆ ಬರೆದಿರೋ ತಿಳಿಯಲಿಲ್ಲ. ವೈನಿನ ಹುಳಿ ಆಲೂಗಡ್ಡೆಯನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ. ಅರ್ಧ ಲೋಟ ವೈನನ್ನು ಈರುಳ್ಳಿಯ ಮೇಲೆ ಹಾಕಿ, ಮರದ ಸೌಟಿನಿಂದ ತಳ ಕೆರೆದು, ಮೂಗಿಗೆ ಚುಚ್ಚುವ ವಾಸನೆ ಹೋಗಿ ಅರ್ಧಕ್ಕಿಳಿದ ಮೇಲೆ ಒಂದೂವರೆ ಲೀಟರ್ ಚಿಕನ್ ಸ್ಟಾಕ್, ಅಂದರೆ ಕೋಳಿಯ ಮೂಳೆ ಬೇಯಿಸಿ ಸೋಸಿದ ತಿಳಿಸಾರು, ಹಾಕಿ. ವೈನ್ ಬೇಡದವರು ಸ್ಟಾಕಿನಿಂದಲೇ ತಳ ಬಿಡಿಸಿಕೊಳ್ಳಬಹುದು, ನಷ್ಟವೇನಿಲ್ಲ.

‘ನಾಲ್ಕು ಆಲೂಗಡ್ಡೆ’ ಅಳತೆಯಲ್ಲ. 700 ಗ್ರಾಂ ಎನ್ನಿ. ಯಾವ ಬಗೆಯದು ಎಂದೂ ಹೇಳಿ, ಏಕೆಂದರೆ ಈ ಸೂಪು ಗಟ್ಟಿಯಾಗುವುದು ಅರ್ಧ ಅದರಿಂದಲೇ. ಬೇಯಿಸಿದರೆ ಹಿಟ್ಟುಹಿಟ್ಟಾಗಿ ಉದುರುವ ಬಗೆಯಲ್ಲಿ ಪಿಷ್ಟ ಹೆಚ್ಚು. 60 ಡಿಗ್ರಿ ದಾಟಿದ ಮೇಲೆ ಪಿಷ್ಟದ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ, ಬಿಲ್ಲೆಯ ಅಂಚು ಕರಗಿ ಸಾರಿಗೆ ಮೈ ಬರುತ್ತದೆ. ಮೇಣದಂತೆ ಬಿಗಿಯಾಗಿರುವ ಬಗೆ ಬಿಲ್ಲೆಯಾಗಿಯೇ ಉಳಿಯುತ್ತದೆ, ಸಾರು ನೀರಾಗಿಯೇ ಇರುತ್ತದೆ. ಇನ್ನೂ ಒಂದು: ಹೆಚ್ಚಿದ ಆಲೂಗಡ್ಡೆಯನ್ನು ಎರಡು ಮೂರು ಸಲ ತೊಳೆಯಿರಿ ಎಂದಿದ್ದೀರಿ. ತೊಳೆದರೆ ನಮಗೆ ಬೇಕಾದ ಪಿಷ್ಟವೇ ಹೋಗುತ್ತದೆ. ಹೆಚ್ಚುವ ಮುಂಚೆ ತೊಳೆದರೆ ಸಾಕು. ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗೆ ಸಣ್ಣ ಕುದಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ. ಚಾಕುವಿನ ತುದಿ ತಡೆಯಿಲ್ಲದೆ ಇಳಿಯಬೇಕು, ಎತ್ತಿದರೆ ಬಿಲ್ಲೆ ಮುರಿಯಬಾರದು. ನೀವು ಹೇಳುವ ಹದ ಅದೇ. ಅದನ್ನೇ ಹೀಗೆ ಬರೆಯಿರಿ.

ಈಗ ಕ್ರೀಮು. ನನ್ನ ಮೊದಲ ಪಾತ್ರೆ ಕೆಟ್ಟದ್ದು ಇಲ್ಲಿಯೇ. “ಕ್ರೀಮ್ ಇಲ್ಲದಿದ್ದರೆ ಅಷ್ಟೇ ಹಾಲು ಹಾಕಿ ಚೆನ್ನಾಗಿ ಕುದಿಸಿ” ಎಂದು ಬರೆದಿದ್ದೀರಿ. ಹಾಲು ಹಾಕಿದೆ, ಕುದಿಸಿದೆ, ಒಡೆಯಿತು. ವೈನಿನ ಹುಳಿ, ಸ್ಟಾಕಿನ ಉಪ್ಪು, ಜೋರು ಕುದಿ ಮೂರೂ ಸೇರಿದರೆ ಹಾಲಿನ ಪ್ರೋಟೀನು ಗಂಟು ಕಟ್ಟುತ್ತದೆ. ಶೇ. 35ರ ಆಸುಪಾಸು ಕೊಬ್ಬಿರುವ ಕ್ರೀಮ್ ಸುಲಭವಾಗಿ ಒಡೆಯುವುದಿಲ್ಲ, ಅದರಲ್ಲಿ ಪ್ರೋಟೀನು ಕಡಿಮೆ, ಕೊಬ್ಬು ಹೆಚ್ಚು. ಉರಿ ತಗ್ಗಿಸಿ, ಕುದಿ ನಿಂತ ಮೇಲೆ, ಸೂಪಿನದೇ ಒಂದು ಸೌಟು ಬಿಸಿ ಸಾರನ್ನು ಕ್ರೀಮಿಗೆ ಬೆರೆಸಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಪಾತ್ರೆಗೆ ಸುರಿದರೆ ನಿಶ್ಚಿಂತೆ. 200 ಮಿಲಿಲೀಟರ್ ಸಾಕು. ಮತ್ತೆ ಕುದಿಸಬಾರದು, ಅಂಚಿನಲ್ಲಿ ಹಬೆಯಾಡಿದರೆ ಮುಗಿಯಿತು. ಹಾಲೇ ಗತಿ ಎನ್ನುವವರು ವೈನ್ ಬಿಟ್ಟುಬಿಡಲಿ, ನಾಲ್ಕಾರು ಆಲೂಗಡ್ಡೆ ಬಿಲ್ಲೆಯನ್ನು ಸೌಟಿನ ಹಿಂಬದಿಯಿಂದ ಹಿಸುಕಿ ಸಾರನ್ನು ಗಟ್ಟಿ ಮಾಡಿಕೊಂಡು, ಒಲೆ ಆರಿಸಿದ ಮೇಲೆ ಹಾಲು ಬೆರೆಸಲಿ.

ಕೇಲ್ ಬಗ್ಗೆ ಬರೆದದ್ದು ಸರಿಯಿದೆ. ನಡುದಂಟು ತೆಗೆದು ಹಾಕಿ ಎಂಬ ಒಂದು ಮಾತು ಸೇರಿಸಿ. ಉಪ್ಪನ್ನು ಮೊದಲೇ ಹಾಕಿಸಬೇಡಿ. ಸಾಸೇಜ್, ಸ್ಟಾಕ್, ಕೊನೆಯಲ್ಲಿ ತುರಿಯುವ ಪಾರ್ಮೆಸಾನ್ ಚೀಸ್ ಮೂರರಲ್ಲೂ ಉಪ್ಪಿದೆ. ಎಲ್ಲ ಮುಗಿದ ಮೇಲೆ ರುಚಿ ನೋಡಿ ಹಾಕಲಿ. ಹಂದಿಯ ಬದಲು ಕೋಳಿ ಸಾಸೇಜ್ ಆಗುತ್ತದೆಯೇ ಎಂದು ಪತ್ರದಲ್ಲಿ ಕೇಳಿದ್ದೀರಿ. ಆಗುತ್ತದೆ. ಕೊಬ್ಬು ಕಡಿಮೆ ಇರುವುದರಿಂದ ಎರಡು ಚಮಚ ಆಲಿವ್ ಎಣ್ಣೆ ಬೇಕು. ಕೊಚ್ಚಿದ ಕೋಳಿಮಾಂಸ ಒಳಗಡೆ 74 ಡಿಗ್ರಿ ಮುಟ್ಟಬೇಕು, ಹಂದಿಗೆ 71 ಸಾಕು.

ಭಾಷೆಯ ಬಗ್ಗೆ ಎರಡು ಮಾತು. ‘ಸ್ವರ್ಗಸಮಾನ’, ‘ಬಾಯಲ್ಲಿ ನೀರೂರಿಸುವ’, ‘ಮನಸೂರೆಗೊಳ್ಳುವ’ ಇವನ್ನೆಲ್ಲ ಹೊಡೆದುಹಾಕಿದ್ದೇನೆ. “ಇದು ಕೇವಲ ಸೂಪಲ್ಲ, ಒಂದು ಅನುಭವ” ಎಂಬ ಸಾಲನ್ನೂ. ಆ ಸಾಲನ್ನು ಚಪ್ಪಲಿಗೂ ಬರೆಯಬಹುದು, ಸಾಬೂನಿಗೂ ಬರೆಯಬಹುದು. ಹೊಗಳಿಕೆ ತುಂಬಿದ ಜಾಗದಲ್ಲೆಲ್ಲ ನಿಮ್ಮ ಕಣ್ಣು ಮುಚ್ಚಿಕೊಂಡಿದೆ ಎಂದು ಓದುವವರಿಗೆ ಗೊತ್ತಾಗುತ್ತದೆ.

ನಿಮಗೆ ನೋಡಲು ಬರುತ್ತದೆ. ಅದು ನನಗೆ ಖಾತ್ರಿಯಾದದ್ದು ಲೇಖನದಿಂದಲ್ಲ, ಜೊತೆಗಿಟ್ಟ ಪತ್ರದ ಕೊನೆಯ ಸಾಲುಗಳಿಂದ. “ಒಮ್ಮೆ ಹಾಲು ಹಾಕಿ ಮಾಡಿದ್ದೆ. ಸೂಪಿನ ಮೇಲೆಲ್ಲ ಬಿಳಿ ಚೂರು ತೇಲಿತು. ಮಗಳು ಬಗ್ಗಿ ನೋಡಿ, ಅಮ್ಮಾ, ಮಳೆಗೆ ಸುಣ್ಣ ಉದುರಿದ ಗೋಡೆ ಥರ ಇದೆ ಅಂದಳು. ಆದರೂ ಇಬ್ಬರೂ ಕೂತು ಸಾಸೇಜ್ ಆರಿಸಿಕೊಂಡು ತಿಂದೆವು.” ಇದನ್ನು ಓದಿ ಪತ್ರವನ್ನು ಮತ್ತೆ ಮೊದಲಿನಿಂದ ಓದಿದೆ. ಹಾಲು ಒಡೆದ ಸೂಪು ಹೇಗಿರುತ್ತದೆಂದು ಇಷ್ಟು ಕಣ್ಣಿಗೆ ಕಟ್ಟುವಂತೆ ನಾನು ಎಲ್ಲೂ ಓದಿರಲಿಲ್ಲ. ಕೆಡುವುದೆಂದು ನಿಮಗೆ ಗೊತ್ತಿತ್ತು. ಆದರೂ ಲೇಖನದಲ್ಲಿ ಹಾಲು ಹಾಕಿ ಕುದಿಸಿ ಎಂದು ಬರೆದಿರಿ. ಇದೊಂದಕ್ಕೆ ನನಗೆ ಬೇಸರವಾಯಿತು. ಬರಹಗಾರ್ತಿ ಎನಿಸಿಕೊಳ್ಳಲು ಸೋಲನ್ನು ಮುಚ್ಚಿಡಬೇಕು ಎಂದುಕೊಂಡಿರಬಹುದು. ಓದುಗರಿಗೆ ಬೇಕಾಗಿರುವುದು ಆ ಸುಣ್ಣದ ಗೋಡೆಯೇ. ಲೇಖನ ಅಲ್ಲಿಂದಲೇ ಶುರುವಾಗಲಿ: ಒಡೆದ ಸೂಪು, ಮಗಳ ಮಾತು, ಏಕೆ ಒಡೆಯಿತು, ಮರುದಿನ ಏನು ಬದಲಿಸಿದಿರಿ. ಮಗಳು ಒಪ್ಪಿದರೆ ಅವಳ ಮಾತನ್ನು ಅವಳು ಆಡಿದಂತೆಯೇ ಇಡಿ, ತಿದ್ದಬೇಡಿ.

ಎರಡನೆಯ ಸಲದ ಸೂಪು ಎರಡು ಬಟ್ಟಲಿನಷ್ಟು ಉಳಿದಿತ್ತು. ಬೆಳಿಗ್ಗೆ ಫ್ರಿಜ್ಜಿನಿಂದ ತೆಗೆದಾಗ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿತ್ತು, ಆಲೂಗಡ್ಡೆ ಸಾರನ್ನೆಲ್ಲ ಹೀರಿಕೊಂಡಿತ್ತು. ಅರ್ಧ ಲೋಟ ಸ್ಟಾಕ್ ಬೆರೆಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದೆ. ಸೋಂಪು ಹಿಂದಿನ ರಾತ್ರಿಗಿಂತ ಚೆನ್ನಾಗಿ ಹೊಂದಿಕೊಂಡಿತ್ತು. ಫ್ರೀಜರಿನಲ್ಲಿಟ್ಟ ಇನ್ನೊಂದು ಬಟ್ಟಲು ಮಾತ್ರ ಕರಗಿಸಿದಾಗ ಆಲೂಗಡ್ಡೆ ಮರಳುಮರಳಾಗಿ, ಕ್ರೀಮು ಬೇರ್ಪಟ್ಟು ಹೋಗಿತ್ತು. ಉಳಿದ ಸೂಪನ್ನು ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಲೇಖನದಲ್ಲಿಲ್ಲ. ಹೊಸ ಕರಡಿನಲ್ಲಿ ಅದೂ ಇರಲಿ. ನೀವು ಬಳಸಿದ ಕ್ರೀಮಿನ ಡಬ್ಬಿಯ ಮೇಲೆ ಕೊಬ್ಬು ಶೇಕಡ ಎಷ್ಟೆಂದು ಇದೆಯೋ ನೋಡಿ, ಅದನ್ನೂ ಬರೆದು ಕಳಿಸಿ. ಮತ್ತೆ ಮಾಡಿ ನೋಡುತ್ತೇನೆ.

ಇತಿ,
ಸಂಪಾದಕ