ಹಿಮ್ಮಡಿಯ ನೋವಿಗೆ ಎಕ್ಸ್‌ರೇಯಲ್ಲಿ ಕಂಡ ಮುಳ್ಳೇ ಕಾರಣವೇ?

ಬೆಳಿಗ್ಗೆ ಮೊದಲ ಹೆಜ್ಜೆ ಊರುವಾಗ ಹಿಮ್ಮಡಿಗೆ ಮೊಳೆ ಹೊಕ್ಕಂತಾಗುತ್ತದೆ, ಎಕ್ಸ್‌ರೇಯಲ್ಲಿ ಎಲುಬು ಮುಳ್ಳಿನಂತೆ ಬೆಳೆದಿರುವುದು ಕಂಡಿದೆ, ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೇ ಎಂದು ತಾವು ಕೇಳಿದ್ದೀರಿ. ನಾನು ವೈದ್ಯನಲ್ಲ; ಉಡುಪಿಯ ಶಾಲೆಯೊಂದರಲ್ಲಿ ದಿನಕ್ಕೆ ಐದು ತಾಸು ನಿಂತು ಪಾಠ ಮಾಡುವವನು, ಇದೇ ನೋವನ್ನು ಹನ್ನೊಂದು ತಿಂಗಳು ಅನುಭವಿಸಿದವನು.

ಅಂಥ ಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಕಾಲಿನಲ್ಲೂ ಇರುತ್ತದೆ. ಸಾಮಾನ್ಯವಾಗಿ ನೋಯುವುದು ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಬಿಲ್ಲಿನ ಹೆದೆಯಂತೆ ಬಿಗಿದಿರುವ ದಪ್ಪ ನಾರಿನ ಪಟ್ಟಿ. ವೈದ್ಯರು ಅದನ್ನು ಪ್ಲಾಂಟರ್ ಫ್ಯಾಸಿಯಾ ಎನ್ನುತ್ತಾರೆ. ಗಟ್ಟಿ ನೆಲದ ಮೇಲೆ ಬಹಳ ಹೊತ್ತು ನಿಲ್ಲುವುದರಿಂದ, ದೇಹದ ತೂಕ ಏರುವುದರಿಂದ, ಮೀನಖಂಡ ಬಿಗಿಯುವುದರಿಂದ ಈ ಪಟ್ಟಿ ಹಿಮ್ಮಡಿಗೆ ಅಂಟಿದ ಜಾಗದಲ್ಲಿ ಸವೆಯುತ್ತದೆ. ರಾತ್ರಿ ಕುಗ್ಗಿದ್ದು ಬೆಳಿಗ್ಗೆ ಒಮ್ಮೆಲೇ ಎಳೆತಕ್ಕೆ ಸಿಗುವುದರಿಂದ ಮೊದಲ ಹೆಜ್ಜೆಗೇ ನೋವು ಹೆಚ್ಚು.

ಹಾಸಿಗೆಯಿಂದ ಇಳಿಯುವ ಮೊದಲೇ ಪಾದದ ತುದಿಗೆ ಬೈರಾಸು ಸುತ್ತಿ, ಹತ್ತು ಎಣಿಸುವವರೆಗೆ ನಮ್ಮತ್ತ ಎಳೆದು ಹಿಡಿಯುವುದನ್ನು ಹತ್ತು ಬಾರಿ, ದಿನಕ್ಕೆ ಮೂರು ಸಲ ಮಾಡಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು. ಗೋಡೆಗೆ ಕೈಯೂರಿ ಮೀನಖಂಡ ಹಿಗ್ಗಿಸುವುದೂ ಅಷ್ಟೇ ಮುಖ್ಯ. ಮನೆಯೊಳಗೂ ಮೆತ್ತನೆಯ ಹಿಮ್ಮಡಿಯ ಚಪ್ಪಲಿ ಬೇಕು, ಸವೆದ ಹವಾಯಿ ಸಾಲದು. ನಮ್ಮ ಕಡೆ ಚಪ್ಪಲಿ ಜಗಲಿ ದಾಟುವಂತಿಲ್ಲವಲ್ಲ. ಒಳಗಿನ ಜೋಡಿಯನ್ನು ಎಂದೂ ಅಂಗಳಕ್ಕೆ ಇಳಿಸುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟ ಮೇಲೆಯೇ ಒಪ್ಪಿಗೆ ಸಿಕ್ಕಿತು.

ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೆಮ್ಮದಿ ಕೊಡಬಹುದು, ಆದರೆ ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುವ ಅಪಾಯವಿದೆ. ಬಹುಪಾಲು ಜನರಿಗೆ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಗುಣವಾಗುವುದರಿಂದ ತಾವು ಅವಸರಪಡಬೇಡಿ. ಆದರೆ ಉರಿ, ಜೋಮು, ಜ್ವರ ಅಥವಾ ಬಾವು ಇದ್ದರೆ ಕಾಯಬೇಡಿ, ವೈದ್ಯರಲ್ಲಿಗೆ ಹೋಗಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕುಂದಿದ ಪಾದವನ್ನು ಬಿಸಿನೀರಿನಲ್ಲಿ ಇಡಲೇಬಾರದು, ಸುಟ್ಟರೂ ತಿಳಿಯುವುದಿಲ್ಲ.

ಕಳೆದ ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಮೆಟ್ಟಿಲಿನಲ್ಲಿ ಜಾರಿ ಅದೇ ಕಾಲು ಉಳುಕಿತು. ನಾಲ್ಕು ಹೆಜ್ಜೆ ನಡೆಯಲಾಗದ ಕಾರಣ ಎಕ್ಸ್‌ರೇ ತೆಗೆದರು. ಎಲುಬು ಮುರಿದಿರಲಿಲ್ಲ. ಹಿಮ್ಮಡಿಯ ನೋವು ಹೋಗಿ ವರ್ಷ ಕಳೆದಿದ್ದರೂ ಆ ಮುಳ್ಳು ಮಾತ್ರ ಇದ್ದಲ್ಲಿಯೇ ಇತ್ತು.